‘ಡಿಎಲ್‌ಎಲ್ ಕಾಣೆಯಾಗಿದೆ’ ಅಂದಾಗ ಏನು ಮಾಡಬೇಕು? ರನ್‌ಟೈಮ್ ಲೈಬ್ರರಿ ತೊಂದರೆ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಒಂದು ದಿನ ಬೆಳಿಗ್ಗೆಯೇ ಫೋನ್ ಮಾಡಿದ.

‘ಅಣ್ಣ, ಬಿಲ್ಲಿಂಗ್ ಓಪನ್ನೇ ಆಗ್ತಿಲ್ಲ ಕಣಣ್ಣ. ಅದೇನೋ ಎಂಎಸ್‌ವಿಸಿಪಿ ಕಾಣೆಯಾಗೈತೆ ಅಂತ ತೋರಿಸ್ತೈತೆ. ಹೊರಗಡೆ ಗಾಡಿ ನಿಂತವೆ, ಯಜಮಾನ್ರು ಬೇರೆ ಕಾಯ್ತಾವ್ರೆ.’

‘ನೀನೇನಾದ್ರೂ ಮಾಡ್ದಾ?’

‘ನೆಟ್ಟಲ್ಲಿ ಆ ಫೈಲ್ ಸಿಕ್ತು. ತಂದು ಹಾಕ್ದೆ. ಈಗ ಬೇರೆ ಎರರ್ ಬತ್ತೈತೆ.’

ಮೊದಲಿನ ತೊಂದರೆ ಹತ್ತು ನಿಮಿಷದ ಕೆಲಸ. ಅವನು ತಂದು ಹಾಕಿದ ಫೈಲ್ ಎಲ್ಲೆಲ್ಲಿ ಕೂತಿದೆ ಅಂತ ಹುಡುಕಿ ತೆಗೆಯುವ ಹೊತ್ತಿಗೆ ಮಧ್ಯಾಹ್ನ ಆಯಿತು. ಇಂಥ ಫೋನ್ ನನಗೆ ವಾರಕ್ಕೆ ಒಂದಾದರೂ ಬರುತ್ತದೆ. ಹತ್ತರಲ್ಲಿ ಎಂಟು ಜನ ಅದೇ ತಪ್ಪು ಮಾಡಿರುತ್ತಾರೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮುಖ್ಯ ಮಾತು ಇಷ್ಟೇ: ಕಾಣೆಯಾದ ಫೈಲನ್ನು ಹುಡುಕಿಕೊಂಡು ಹೋಗಬೇಡಿ. ಆ ಫೈಲ್ ಯಾವ ಪ್ಯಾಕೇಜಿನದು ಅಂತ ತಿಳಿದುಕೊಂಡು, ಆ ಪ್ಯಾಕೇಜನ್ನು ಪೂರ್ತಿಯಾಗಿ ಹಾಕಿ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ವಿಂಡೋಸ್ 7 ಇನ್ನೂ ಇಟ್ಟುಕೊಂಡವರಿಗೆ ಬೇರೆ ಮಾತು ಮುಂದೆ ಇದೆ.

ರನ್‌ಟೈಮ್ ಲೈಬ್ರರಿ ಅಂದರೆ ಏನು?

ಮದುವೆ ಛತ್ರದ ಅಡುಗೆಮನೆ ನೋಡಿದ್ದೀರಲ್ವಾ? ಅಡುಗೆಯವರು ಕೊಪ್ಪರಿಗೆ, ಕೊಳಗ, ಅನ್ನ ಬಸಿಯುವ ತೂತಿನ ಪಾತ್ರೆ ಎಲ್ಲವನ್ನೂ ಮನೆಯಿಂದ ಹೊತ್ತು ತರುವುದಿಲ್ಲ. ಛತ್ರದಲ್ಲಿ ಇರುತ್ತವೆ ಅನ್ನುವ ಧೈರ್ಯದಲ್ಲಿ ಬರುತ್ತಾರೆ. ಸಾಫ್ಟ್‌ವೇರ್ ಕೂಡ ಹಾಗೇ. ಅಕ್ಷರ ತೋರಿಸುವುದು, ಲೆಕ್ಕ ಮಾಡುವುದು, ಫೈಲ್ ತೆರೆಯುವುದು, ಇಂಥ ಸಾಮಾನ್ಯ ಕೆಲಸಗಳ ಕೋಡನ್ನು ಪ್ರತಿಯೊಂದು ಸಾಫ್ಟ್‌ವೇರೂ ತಾನೇ ಹೊತ್ತುಕೊಂಡು ಬರುವುದಿಲ್ಲ. ಅವು ಕಂಪ್ಯೂಟರಿನಲ್ಲಿ ಒಂದು ಕಡೆ ಇರುತ್ತವೆ, ಎಲ್ಲರೂ ಹಂಚಿಕೊಂಡು ಬಳಸುತ್ತಾರೆ. ಆ ಹಂಚಿಕೆಯ ಕೋಡ್ ಇರುವ ಫೈಲುಗಳೇ ಡಿಎಲ್‌ಎಲ್. ಸಾಫ್ಟ್‌ವೇರ್ ಓಡುವಾಗ ಬೇಕಾಗುವ ಇಂಥ ಫೈಲುಗಳ ಗಂಟೇ ರನ್‌ಟೈಮ್ ಲೈಬ್ರರಿ.

ಪಾತ್ರೆಯೇ ಇಲ್ಲದಿದ್ದರೆ ಒಲೆ ಹಚ್ಚಲು ಆಗದು. ಪಾತ್ರೆ ತೂತಾಗಿದ್ದರೆ ಅಡುಗೆ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಅಳತೆ ತಪ್ಪಿದ ಪಾತ್ರೆ ಒಲೆ ಮೇಲೆ ಕೂರುವುದೇ ಇಲ್ಲ. ಕಂಪ್ಯೂಟರ್ ತೋರಿಸುವ ಎರರ್‌ಗಳೂ ಈ ಮೂರು ಬಗೆಯವೇ.

ಹಂತ 1: ಎರರ್ ಓದಿ, ಫೋಟೊ ತೆಗೆಯಿರಿ

ಎಷ್ಟೋ ಜನ ಎರರ್ ಪೆಟ್ಟಿಗೆ ಕಂಡ ತಕ್ಷಣ ಓಕೆ ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅದರಲ್ಲಿ ಮೂರು ವಿಷಯ ನೋಡಬೇಕು. ಯಾವ ಸಾಫ್ಟ್‌ವೇರಿನ ಹೆಸರಿದೆ, ಯಾವ ಫೈಲಿನ ಹೆಸರಿದೆ, ಸೊನ್ನೆ ಎಕ್ಸ್‌ನಿಂದ ಶುರುವಾಗುವ ಸಂಖ್ಯೆ ಏನಾದರೂ ಇದೆಯೇ.

ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಒಂದೇ ಸಾಫ್ಟ್‌ವೇರಿಗೋ, ಬಹಳಷ್ಟಕ್ಕೋ? ಈ ಒಂದು ಪ್ರಶ್ನೆಯಿಂದಲೇ ನನಗೆ ಅರ್ಧ ದಾರಿ ಸಿಗುತ್ತದೆ. ಒಂದೇ ಸಾಫ್ಟ್‌ವೇರ್ ಕೈಕೊಟ್ಟಿದ್ದರೆ ಅದಕ್ಕೆ ಬೇಕಾದ ಪ್ಯಾಕೇಜ್ ಇಲ್ಲ ಅಥವಾ ಕೆಟ್ಟಿದೆ. ಹಂತ 2ರಿಂದ ಶುರು ಮಾಡಿ. ನಿನ್ನೆವರೆಗೂ ಚೆನ್ನಾಗಿದ್ದ ನಾಲ್ಕೈದು ಸಾಫ್ಟ್‌ವೇರ್ ಒಟ್ಟಿಗೇ ನಿಂತಿದ್ದರೆ ವಿಂಡೋಸ್‌ನ ಫೈಲುಗಳೇ ಕೆಟ್ಟಿರಬಹುದು. ನೇರ ಹಂತ 6ಕ್ಕೆ ಹೋಗಿ. ದಿನಕ್ಕೊಂದು ಬೇರೆ ಬೇರೆ ಎರರ್ ಬರುತ್ತಿದ್ದರೆ ಹಾರ್ಡ್ ಡಿಸ್ಕ್ ಅಥವಾ ರ್‍ಯಾಮ್ ಮೇಲೆ ಅನುಮಾನ ಪಡಿ.

ಒಂದು ಸಲ ಕಂಪ್ಯೂಟರ್ ರೀಸ್ಟಾರ್ಟ್ ಕೂಡ ಮಾಡಿ ನೋಡಿ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಂತ 2: ಫೈಲಿನ ಹೆಸರಿನಿಂದ ಪ್ಯಾಕೇಜ್ ಗುರುತಿಸಿ

ಹೆಸರಿನ ಕೊನೆಯಲ್ಲಿರುವ ಸಂಖ್ಯೆಯೇ ಸುಳಿವು. ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ಬಳಸಿ ಮಾಡಿದ ಸಾಫ್ಟ್‌ವೇರ್‌ಗಳಿಗೆ ‘ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಅನ್ನುವ ಪ್ಯಾಕೇಜ್ ಬೇಕು. ಅದು ವರ್ಷಕ್ಕೆ ತಕ್ಕ ಹಾಗೆ ಬೇರೆ ಬೇರೆ:

- ಎಂಎಸ್‌ವಿಸಿಆರ್80 ಇದ್ದರೆ 2005ರದು
- ಎಂಎಸ್‌ವಿಸಿಆರ್90 ಇದ್ದರೆ 2008ರದು
- ಎಂಎಸ್‌ವಿಸಿಆರ್100 ಇದ್ದರೆ 2010ರದು
- ಎಂಎಸ್‌ವಿಸಿಆರ್110 ಇದ್ದರೆ 2012ರದು
- ಎಂಎಸ್‌ವಿಸಿಆರ್120 ಇದ್ದರೆ 2013ರದು
- ಎಂಎಸ್‌ವಿಸಿಪಿ140, ವಿಸಿರನ್‌ಟೈಮ್140 ಇದ್ದರೆ 2015 ಮತ್ತು ಅದರಿಂದೀಚಿನದು

‘ಆರ್’ ಬದಲು ‘ಪಿ’ ಇದ್ದರೂ ಚಿಂತೆಯಿಲ್ಲ. ಸಂಖ್ಯೆ ಒಂದೇ ಆದರೆ ಪ್ಯಾಕೇಜೂ ಒಂದೇ. 2015, 2017, 2019, 2022 ನಾಲ್ಕಕ್ಕೂ ಸೇರಿ ಒಂದೇ ಪ್ಯಾಕೇಜ್ ಇದೆ. ಅದರಲ್ಲಿ ಹೊಸದನ್ನು ಹಾಕಿದರೆ ಹಳೆಯವಕ್ಕೂ ಸಾಕು. ಆದರೆ 2013 ಮತ್ತು ಅದರ ಹಿಂದಿನವು ಹಾಗಲ್ಲ. 2010ರ ಪ್ಯಾಕೇಜ್ ಬೇಕಿದ್ದರೆ 2010ರದೇ ಬೇಕು. 2022ರದು ಅದರ ಜಾಗ ತುಂಬುವುದಿಲ್ಲ.

ಕೊನೆಗೆ ಒಂದು ಅಡಿಗೆರೆ ಮತ್ತು 1 ಇರುವ ವಿಸಿರನ್‌ಟೈಮ್140_1 ಇಲ್ಲ ಅಂತ ಬಂದರೆ, ನಿಮ್ಮಲ್ಲಿ ಹಳೆಯ 2015 ಅಥವಾ 2017ರ ಪ್ಯಾಕೇಜ್ ಇದೆ ಅಂತ ತಿಳಿಯಿರಿ. ಆ ಫೈಲ್ 2019ರಿಂದ ಬಂದದ್ದು, 64 ಬಿಟ್‌ನಲ್ಲಿ ಮಾತ್ರ ಇರುತ್ತದೆ (32 ಬಿಟ್, 64 ಬಿಟ್ ಅಂದರೆ ಕಂಪ್ಯೂಟರ್, ಸಾಫ್ಟ್‌ವೇರ್‌ಗಳ ಎರಡು ಬಗೆ, ಹಂತ 3ರಲ್ಲಿ ಹೇಳುತ್ತೇನೆ). ಹೊಸ ಪ್ಯಾಕೇಜ್ ಹಾಕಿದರೆ ಮುಗಿಯಿತು.

ಎರರ್‌ನಲ್ಲಿ ಫೈಲಿನ ಹೆಸರೇ ಇಲ್ಲದೆ ‘ಸೈಡ್ ಬೈ ಸೈಡ್ ಕಾನ್ಫಿಗರೇಶನ್ ಸರಿಯಿಲ್ಲ’ ಅಂತ ಬಂದರೆ ಸಾಮಾನ್ಯವಾಗಿ 2005 ಅಥವಾ 2008ರ ಪ್ಯಾಕೇಜ್ ಇಲ್ಲ ಅಂತ ಅರ್ಥ. ಯಾವುದು ಅಂತ ನೋಡಲು, ವಿಂಡೋಸ್ ತನ್ನಲ್ಲಿ ಆದ ಎರರ್‌ಗಳನ್ನು ಬರೆದಿಡುವ ಇವೆಂಟ್ ವ್ಯೂವರನ್ನು ಸ್ಟಾರ್ಟ್‌ನಲ್ಲಿ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್, ಅದರಲ್ಲಿ ಸೈಡ್‌ಬೈಸೈಡ್ ಅನ್ನುವ ಸಾಲು ಹುಡುಕಿ. ವಿಸಿ80 ಅಂತಿದ್ದರೆ 2005, ವಿಸಿ90 ಅಂತಿದ್ದರೆ 2008.

ಮಕ್ಕಳು ರಜೆಯಲ್ಲಿ ಹಳೆಯ ಗೇಮ್ ಹಾಕಿದಾಗ ಡಿ3ಡಿಎಕ್ಸ್9_43 ಇಲ್ಲ ಅಂತ ಬರುತ್ತದೆ. ಅದು ವಿಷುವಲ್ ಸಿಯದಲ್ಲ, ಗೇಮ್‌ಗಳ ಚಿತ್ರ, ಶಬ್ದ ನೋಡಿಕೊಳ್ಳುವ ಡೈರೆಕ್ಟ್ಎಕ್ಸ್‌ನದು. ‘ನನ್ನದು ಡೈರೆಕ್ಟ್ಎಕ್ಸ್ 12, ಇನ್ನೂ ಹೊಸದಲ್ವಾ?’ ಅಂತ ಕೇಳುತ್ತಾರೆ. ಹೊಸದು ನಿಜ, ಆದರೆ ಈ ಹಳೆಯ ಫೈಲುಗಳು ಅದರ ಜೊತೆ ಬರುವುದಿಲ್ಲ. ಮೈಕ್ರೋಸಾಫ್ಟ್ 2010ರ ಜೂನ್‌ನಲ್ಲಿ ಕೊಟ್ಟ ‘ಡೈರೆಕ್ಟ್ಎಕ್ಸ್ ಎಂಡ್ ಯೂಸರ್ ರನ್‌ಟೈಮ್’ ಬೇರೆಯಾಗಿ ಹಾಕಬೇಕು.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಪರದೆಯ ಫೋಟೊ ಕಳಿಸಿದ್ದಳು. ಪೈಥಾನ್‌ನಲ್ಲಿ ‘ಡಿಎಲ್‌ಎಲ್ ಲೋಡ್ ಫೇಲ್ಡ್’ ಅಂತಿತ್ತು. ಪೈಥಾನನ್ನೇ ನಾಲ್ಕು ಸಲ ತೆಗೆದು ಹಾಕಿದ್ದಳು, ಪಾಪ. ಹೊಸ ವಿಷುವಲ್ ಸಿ ಪ್ಯಾಕೇಜ್ ಹಾಕಿದ ಮೇಲೆ ಓಡಿತು. ಪೈಥಾನಿನ ಎಷ್ಟೋ ಮಾಡ್ಯೂಲ್‌ಗಳು ಒಳಗೊಳಗೆ ಇದನ್ನೇ ನೆಚ್ಚಿಕೊಂಡಿವೆ.

ಹಂತ 3: ಮೈಕ್ರೋಸಾಫ್ಟ್‌ನಿಂದಲೇ ತನ್ನಿ, ಎರಡನ್ನೂ ಹಾಕಿ

ಫೈಲಿನ ಹೆಸರು ಹುಡುಕಿದರೆ ಡಿಎಲ್‌ಎಲ್ ಹಂಚುವ ಸೈಟುಗಳೇ ಮೇಲೆ ಬರುತ್ತವೆ. ದಯವಿಟ್ಟು ಅಲ್ಲಿಂದ ತರಬೇಡಿ. ಕೊಟ್ಟವರು ಯಾರು, ಒಳಗೆ ಏನು ಸೇರಿಸಿದ್ದಾರೆ ಅಂತ ತಿಳಿಯುವುದಿಲ್ಲ. ಡಿಎಲ್‌ಎಲ್ ಅಂದರೆ ಓಡುವ ಕೋಡ್. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ವೈರಸ್ ಇಲ್ಲದಿದ್ದರೂ ತೊಂದರೆ ತಪ್ಪಿದ್ದಲ್ಲ. ಒಂದು ಪ್ಯಾಕೇಜಿನ ಫೈಲುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಒಂದನ್ನು ಮಾತ್ರ ತಂದಿಟ್ಟರೆ ಇನ್ನೊಂದು ಇಲ್ಲ ಅನ್ನುತ್ತದೆ, ಅದನ್ನು ತಂದರೆ ಮತ್ತೊಂದು.

‘ಲೇಟೆಸ್ಟ್ ಸಪೋರ್ಟೆಡ್ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಅಂತ ಇಂಗ್ಲಿಷಿನಲ್ಲಿ ಹುಡುಕಿ. ಮೈಕ್ರೋಸಾಫ್ಟ್‌ನದೇ ಪುಟ ಬರುತ್ತದೆ. ವಿಳಾಸದಲ್ಲಿ ಮೈಕ್ರೋಸಾಫ್ಟ್ ಡಾಟ್ ಕಾಮ್ ಇದೆಯೇ ನೋಡಿಕೊಂಡೇ ಮುಂದೆ ಹೋಗಿ.

ಅಲ್ಲಿ ಎಕ್ಸ್86, ಎಕ್ಸ್64, ಎಆರ್‌ಎಂ64 ಅಂತ ಮೂರು ಇರುತ್ತವೆ. ಎಕ್ಸ್86 ಅಂದರೆ 32 ಬಿಟ್, ಎಕ್ಸ್64 ಅಂದರೆ 64 ಬಿಟ್, ಎಆರ್‌ಎಂ64 ಅಂದರೆ ಎಆರ್‌ಎಂ ಪ್ರೊಸೆಸರ್ ಇರುವ ಕಂಪ್ಯೂಟರಿಗೆ. ನಮ್ಮ ಕಡೆಯ ಬಹುಪಾಲು ಕಂಪ್ಯೂಟರ್‌ಗಳು 64 ಬಿಟ್‌ನವು. ಹಾಗಂತ ಎಕ್ಸ್64 ಒಂದನ್ನೇ ಹಾಕಿ ನಿಲ್ಲಿಸುವುದೇ ದೊಡ್ಡ ತಪ್ಪು. ಕಂಪ್ಯೂಟರ್ 64 ಬಿಟ್ ಆದರೂ ಅದರಲ್ಲಿ ಓಡುವ ಲೆಕ್ಕದ ಸಾಫ್ಟ್‌ವೇರ್ 32 ಬಿಟ್ ಇರಬಹುದು. ಅದಕ್ಕೆ ಎಕ್ಸ್86 ಪ್ಯಾಕೇಜೇ ಬೇಕು. ಆದ್ದರಿಂದ 64 ಬಿಟ್ ಕಂಪ್ಯೂಟರಿನಲ್ಲಿ ಎರಡನ್ನೂ ಹಾಕಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಡೌನ್‌ಲೋಡ್ ಆದ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ನೋಡಿ. ಮೈಕ್ರೋಸಾಫ್ಟ್ ಕಾರ್ಪೊರೇಶನ್ ಹೆಸರಿದ್ದರೆ ಧೈರ್ಯವಾಗಿ ಹಾಕಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ಸಾಫ್ಟ್‌ವೇರ್ ತೆರೆಯಿರಿ. ನನ್ನ ಅಂಗಡಿಗೆ ಬರುವ ಬಹುಪಾಲು ಕೇಸುಗಳು ಇಲ್ಲಿಗೇ ಮುಗಿಯುತ್ತವೆ.

ಹಾಗೆಯೇ, ಆ್ಯಪ್‌ಗಳ ಪಟ್ಟಿಯಲ್ಲಿ ವಿಷುವಲ್ ಸಿ ಹೆಸರಿನ ಎಂಟು ಹತ್ತು ಸಾಲು ಕಂಡರೆ ‘ಇಷ್ಟೊಂದು ಯಾಕೆ’ ಅಂತ ಅಳಿಸಬೇಡಿ. ಒಂದೊಂದೂ ಯಾವುದೋ ಒಂದು ಸಾಫ್ಟ್‌ವೇರಿಗೆ ಬೇಕಾದದ್ದು. ಕ್ಲೀನ್ ಮಾಡಲು ಹೋಗಿ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಹಂತ 4: ಹಾಕಿದ ಮೇಲೂ ಎರರ್ ಬಂದರೆ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಮೊದಲು ರಿಪೇರ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು, ಆ ವರ್ಷದ ಪ್ಯಾಕೇಜ್ ಹುಡುಕಿ, ಮಾಡಿಫೈ ಒತ್ತಿ, ಬರುವ ಕಿಟಕಿಯಲ್ಲಿ ರಿಪೇರ್ ಆರಿಸಿ. ಎಕ್ಸ್86, ಎಕ್ಸ್64 ಎರಡಕ್ಕೂ ಮಾಡಿ.

ಅದಕ್ಕೂ ಬಗ್ಗದಿದ್ದರೆ ಸಾಫ್ಟ್‌ವೇರ್ ಇರುವ ಫೋಲ್ಡರನ್ನೇ ತೆರೆದು ನೋಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಜಾಗ. ಸಾಫ್ಟ್‌ವೇರ್ ಒಂದು ಡಿಎಲ್‌ಎಲ್ ಬೇಕು ಅಂದಾಗ ವಿಂಡೋಸ್ ಸಾಮಾನ್ಯವಾಗಿ ಮೊದಲು ಹುಡುಕುವುದು ಆ ಸಾಫ್ಟ್‌ವೇರಿನ ಫೋಲ್ಡರಿನಲ್ಲಿ. ಸಿಸ್ಟಮ್ ಫೋಲ್ಡರಿನ ಸರದಿ ಆಮೇಲೆ. ಮನೆಯಲ್ಲೇ ಕೊಳಗ ಕಂಡರೆ ಛತ್ರದ ಉಗ್ರಾಣಕ್ಕೆ ಯಾರು ಹೋಗುತ್ತಾರೆ? ಯಾರೋ ಹಿಂದೆ ತಂದು ಹಾಕಿದ ಹಳೆಯ ಎಂಎಸ್‌ವಿಸಿಪಿ140 ಅಲ್ಲಿ ಕೂತಿದ್ದರೆ, ನೀವು ಎಷ್ಟು ಹೊಸ ಪ್ಯಾಕೇಜ್ ಹಾಕಿದರೂ ಆ ಹಳೆಯದೇ ಸಿಗುತ್ತದೆ. ಮಂಡಿಯ ಹುಡುಗನ ಕಂಪ್ಯೂಟರಿನಲ್ಲಿ ಆಗಿದ್ದು ಇದೇ. ಅವನು ಒಂದನ್ನು ಬಿಲ್ಲಿಂಗ್ ಫೋಲ್ಡರಿಗೂ, ಇನ್ನೊಂದನ್ನು ಸಿಸ್ಟಮ್32ಗೂ ಹಾಕಿದ್ದ.

‘ಪ್ರೊಸೀಜರ್ ಎಂಟ್ರಿ ಪಾಯಿಂಟ್ ಸಿಗಲಿಲ್ಲ’ ಅನ್ನುವ ಎರರ್ ಬಂದರೆ ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಫೈಲ್ ಸಿಕ್ಕಿದೆ, ಆದರೆ ಅದು ಬೇರೆ ಆವೃತ್ತಿಯದು, ಬೇಕಾದ ಕೆಲಸ ಅದಕ್ಕೆ ಬರುವುದಿಲ್ಲ. ಫೋಲ್ಡರಿನಲ್ಲಿ ಅಂಥ ಫೈಲ್ ಕಂಡರೆ ಅಳಿಸಬೇಡಿ. ಹೆಸರಿನ ಮುಂದೆ ‘ಓಲ್ಡ್’ ಅಂತ ಸೇರಿಸಿ ಹೆಸರು ಬದಲಿಸಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ. ಸರಿಹೋದರೆ ಅದೇ ಕಳ್ಳ. ಇಲ್ಲದಿದ್ದರೆ ಹೆಸರನ್ನು ಮೊದಲಿನಂತೆ ಮಾಡಿ. ಕೆಲವು ಕಂಪನಿಗಳು ತಾವೇ ಬೇಕೆಂದು ಅಲ್ಲಿ ಒಂದು ಪ್ರತಿ ಇಟ್ಟಿರುತ್ತಾರೆ, ಅದನ್ನು ಕಳೆದುಕೊಳ್ಳುವುದು ಬೇಡ.

ಇನ್ನು 0ಎಕ್ಸ್‌ಸಿ000007ಬಿ ಅನ್ನುವ ಸಂಖ್ಯೆ. ಅಳತೆ ತಪ್ಪಿದ ಪಾತ್ರೆ ಅಂದೆನಲ್ಲ, ಅದು ಇದು. 32 ಬಿಟ್ ಸಾಫ್ಟ್‌ವೇರಿಗೆ 64 ಬಿಟ್ ಫೈಲ್ ಸಿಕ್ಕಿದೆ, ಇಲ್ಲವೇ ತಿರುಗುಮುರುಗು. ಕೆಲವು ಸಲ ಫೈಲ್ ಹಾಳಾಗಿದ್ದರೂ ಇದೇ ಸಂಖ್ಯೆ ಬರುತ್ತದೆ. ಈ ಗೊಂದಲಕ್ಕೆ ಒಂದು ಕಾರಣ ಫೋಲ್ಡರುಗಳ ಹೆಸರು. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು. 32 ಬಿಟ್ ಫೈಲುಗಳು ಇರುವುದು ಸಿಸ್‌ವಾವ್64 ಅನ್ನುವ ಫೋಲ್ಡರಿನಲ್ಲಿ. ಓದಿದರೆ ತಲೆಕೆಳಗಾಗಿ ಕಾಣುತ್ತದೆ, ಆದರೆ ಇರುವುದೇ ಹಾಗೆ. ಹೆಸರು ನಂಬಿ ಕೈಯಾರೆ ಫೈಲ್ ಹಾಕಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಹೀಗೆ ತಪ್ಪು ಫೈಲ್ ಸಿಸ್ಟಮ್ ಫೋಲ್ಡರಿಗೆ ಸೇರಿದ್ದರೆ ರಿಪೇರ್ ಒತ್ತಿದರೂ ಅದು ಬದಲಾಗದೇ ಉಳಿಯಬಹುದು. ನಾನು ಮಾಡುವುದು ಹೀಗೆ. ಹೊಸ ಪ್ಯಾಕೇಜಿನ ಎರಡೂ ಫೈಲುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತೇನೆ. ಆ ವರ್ಷದ ಪ್ಯಾಕೇಜುಗಳನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡುತ್ತೇನೆ. ಎರಡು ಸಿಸ್ಟಮ್ ಫೋಲ್ಡರುಗಳಲ್ಲೂ ಆ ಫೈಲ್ ಇನ್ನೂ ಉಳಿದಿದೆಯೇ ನೋಡಿ, ಉಳಿದಿದ್ದರೆ ಹೆಸರು ಬದಲಿಸಿ, ತಕ್ಷಣ ಎರಡೂ ಪ್ಯಾಕೇಜ್ ಹೊಸದಾಗಿ ಹಾಕುತ್ತೇನೆ. ಹೆಸರಿನಲ್ಲಿ ಸಿಎಲ್‌ಆರ್0400 ಅಂತ ಇರುವ ಫೈಲುಗಳನ್ನು ಮಾತ್ರ ಮುಟ್ಟಬೇಡಿ. ಅವು ಮೈಕ್ರೋಸಾಫ್ಟ್‌ನದೇ ಇನ್ನೊಂದು ರನ್‌ಟೈಮ್ ಆದ ಡಾಟ್ ನೆಟ್‌ನವು.

ಮೊಬೈಲಿನಲ್ಲಿ ವೀಡಿಯೊ ನೋಡಿ ‘ರೆಗ್‌ಎಸ್‌ವಿಆರ್32 ಹಾಕಿ ಆ ಡಿಎಲ್‌ಎಲ್ ರಿಜಿಸ್ಟರ್ ಮಾಡಿ’ ಅನ್ನುವುದನ್ನು ಮಾಡಿದವರೂ ಬರುತ್ತಾರೆ. ಎಂಎಸ್‌ವಿಸಿಪಿ140ಯಂಥ ಫೈಲುಗಳಿಗೆ ಅದು ಹೊಂದುವುದೇ ಇಲ್ಲ. ರಿಜಿಸ್ಟರ್ ಆಗುವ ಬಗೆಯ ಫೈಲುಗಳಲ್ಲ ಅವು. ಆ ಕಮಾಂಡ್ ಇನ್ನೊಂದು ಎರರ್ ತೋರಿಸುತ್ತದೆ, ನೀವು ಇನ್ನಷ್ಟು ಹೆದರುತ್ತೀರಿ, ಅಷ್ಟೇ.

ಹಂತ 5: ಆ್ಯಂಟಿವೈರಸ್ ಎತ್ತಿಟ್ಟುಕೊಂಡಿದೆಯೇ ನೋಡಿ

ಕಾಣೆಯಾದ ಫೈಲ್ ಆ ಸಾಫ್ಟ್‌ವೇರಿನದೇ ಆಗಿದ್ದರೆ, ಅಂದರೆ ಮೇಲಿನ ಪಟ್ಟಿಯಲ್ಲಿ ಇಲ್ಲದ ಹೆಸರಾದರೆ, ವಿಂಡೋಸ್ ಸೆಕ್ಯುರಿಟಿ ತೆರೆದು ಪ್ರೊಟೆಕ್ಷನ್ ಹಿಸ್ಟರಿ ನೋಡಿ. ಬೇರೆ ಆ್ಯಂಟಿವೈರಸ್ ಇದ್ದರೆ ಅದರ ಕ್ವಾರಂಟೈನ್, ಅಂದರೆ ಅನುಮಾನ ಬಂದ ಫೈಲುಗಳನ್ನು ಎತ್ತಿಡುವ ಜಾಗ, ನೋಡಿ. ಅಲ್ಲಿ ಸಿಕ್ಕಿದ ತಕ್ಷಣ ರಿಸ್ಟೋರ್ ಒತ್ತಬೇಡಿ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಆಗಿದ್ದರೆ ಆ್ಯಂಟಿವೈರಸ್ ಹಿಡಿದಿದ್ದೇ ಒಳ್ಳೆಯದಾಯಿತು, ಮತ್ತೆ ಒಳಗೆ ಬಿಡಬೇಡಿ.

ಹಂತ 6: ವಿಂಡೋಸ್‌ನ ಫೈಲುಗಳೇ ಕೆಟ್ಟಿದ್ದರೆ

ಪಾಂಡವಪುರದ ಕಡೆಯಿಂದ ಜೆರಾಕ್ಸ್ ಅಂಗಡಿಯವರೊಬ್ಬರು ಸಿಪಿಯು ತಂದಿದ್ದರು. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಗಿತ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಬಂದ ಮೇಲೆ ಪ್ರಿಂಟ್ ಸಾಫ್ಟ್‌ವೇರ್ ಇಲ್ಲ, ಫೋಟೊ ಸಾಫ್ಟ್‌ವೇರ್ ಇಲ್ಲ, ಬ್ರೌಸರ್ ಕೂಡ ತೆರೆಯುತ್ತಿರಲಿಲ್ಲ. ಹೀಗೆ ಒಟ್ಟೊಟ್ಟಿಗೆ ನಿಂತಾಗ ಎರಡು ಕಮಾಂಡ್ ನೆರವಿಗೆ ಬರುತ್ತವೆ.

ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಟೈಪ್ ಮಾಡುವುದು ಇಂಗ್ಲಿಷಿನಲ್ಲೇ. ಫೋನಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳುತ್ತೇನೆ. ಓರೆ ಗೆರೆ ಅಂದರೆ ಪ್ರಶ್ನೆ ಚಿಹ್ನೆ ಇರುವ ಕೀಲಿಯಲ್ಲೇ ಇರುವ ಗೆರೆ.

ಮೊದಲನೆಯದು: ಡಿಐಎಸ್‌ಎಂ, ಸ್ಪೇಸ್, ಓರೆ ಗೆರೆ, ಅದಕ್ಕೆ ಅಂಟಿಕೊಂಡು ಆನ್‌ಲೈನ್. ಸ್ಪೇಸ್, ಓರೆ ಗೆರೆ, ಕ್ಲೀನಪ್ ಹೈಫನ್ ಇಮೇಜ್. ಸ್ಪೇಸ್, ಓರೆ ಗೆರೆ, ರಿಸ್ಟೋರ್‌ಹೆಲ್ತ್. ರಿಸ್ಟೋರ್, ಹೆಲ್ತ್ ಎರಡೂ ಸೇರಿ ಒಂದೇ ಪದ. ಎಂಟರ್ ಒತ್ತಿ. ಇದಕ್ಕೆ ಇಂಟರ್‌ನೆಟ್ ಇರಬೇಕು, ಯಾಕೆಂದರೆ ಒಳ್ಳೆಯ ಫೈಲುಗಳನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರುತ್ತದೆ. ಮಧ್ಯದಲ್ಲಿ ಬಹಳ ಹೊತ್ತು ನಿಂತ ಹಾಗೆ ಕಾಣುತ್ತದೆ. ಮುಚ್ಚಬೇಡಿ, ಕಾಯಿರಿ.

ಎರಡನೆಯದು: ಎಸ್‌ಎಫ್‌ಸಿ, ಸ್ಪೇಸ್, ಓರೆ ಗೆರೆ, ಸ್ಕ್ಯಾನ್‌ನೌ. ಇದೂ ಒಂದೇ ಪದ. ಇದು ಕೆಟ್ಟ ಸಿಸ್ಟಮ್ ಫೈಲುಗಳನ್ನು ಹುಡುಕಿ ಒಳ್ಳೆಯದನ್ನು ಹಾಕುತ್ತದೆ.

ಈ ಕ್ರಮದಲ್ಲೇ ಮಾಡಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತೆಗೆದುಕೊಳ್ಳುವುದು ವಿಂಡೋಸ್‌ನ ಒಳಗಿನ ಒಂದು ಉಗ್ರಾಣದಿಂದ. ಆ ಉಗ್ರಾಣವೇ ಕೆಟ್ಟಿದ್ದರೆ ಅದನ್ನು ಸರಿಮಾಡುವುದು ಡಿಐಎಸ್‌ಎಂ ಕೆಲಸ. ಕೆಲವು ಫೈಲು ಸರಿಮಾಡಲು ಆಗಲಿಲ್ಲ ಅಂತ ಎಸ್‌ಎಫ್‌ಸಿ ಹೇಳಿದರೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ. ಜೆರಾಕ್ಸ್ ಅಂಗಡಿಯವರದು ಎರಡನೇ ಸಲಕ್ಕೆ ಸರಿಹೋಯಿತು. ಒಂದು ಮಾತು ನೆನಪಿರಲಿ: ಈ ಎರಡು ಕಮಾಂಡ್ ಸರಿಮಾಡುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು. ನೀವು ಬೇರೆಯಾಗಿ ಹಾಕಿಕೊಂಡ ವಿಷುವಲ್ ಸಿ ಪ್ಯಾಕೇಜನ್ನು ಅವು ತಂದುಕೊಡುವುದಿಲ್ಲ.

ಸರಿಮಾಡಿದ ಮೇಲೂ ಹದಿನೈದು ದಿನಕ್ಕೆ ಮತ್ತೆ ಫೈಲುಗಳು ಕೆಡುತ್ತಿದ್ದರೆ ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಆಮೇಲೆ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಿ, ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮರಿ ಡಯಾಗ್ನೋಸ್ಟಿಕ್’ ಹುಡುಕಿ ರ್‍ಯಾಮ್ ಪರೀಕ್ಷೆ ಮಾಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಸಾಫ್ಟ್‌ವೇರ್ ರಿಪೇರಿ ಮಾಡುತ್ತಾ ಕೂತರೆ ದಿನ ಹೋಗುತ್ತದೆ, ಡೇಟಾನೂ ಹೋಗುತ್ತದೆ.

ಹಂತ 7: ಹಳೆಯ ಸಾಫ್ಟ್‌ವೇರ್, ಹಳೆಯ ವಿಂಡೋಸ್

ನಮ್ಮ ಕಡೆ ಮಂಡಿ, ರೈಸ್ ಮಿಲ್, ಸೊಸೈಟಿಗಳಲ್ಲಿ ಹದಿನೈದು ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಸಾಫ್ಟ್‌ವೇರ್ ಇನ್ನೂ ಓಡುತ್ತಿವೆ. ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಹೊಸ ಕಂಪ್ಯೂಟರಿಗೆ ಅದನ್ನು ಹಾಕಿದಾಗ ಡಾಟ್ ನೆಟ್ 3.5 ಬೇಕು ಅಂತ ಕೇಳಿದರೆ, ಸ್ಟಾರ್ಟ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಹುಡುಕಿ, ಡಾಟ್ ನೆಟ್ ಫ್ರೇಮ್‌ವರ್ಕ್ 3.5 ಮುಂದೆ ಟಿಕ್ ಹಾಕಿ. ಅದರಲ್ಲಿ 2.0 ಮತ್ತು 3.0 ಕೂಡ ಸೇರಿವೆ. 4.8 ಇದ್ದರೂ 3.5 ಬೇರೆಯೇ ಬೇಕು.

ಕೊನೆಯಲ್ಲಿ ಓಸಿಎಕ್ಸ್ ಅಂತಿರುವ ಫೈಲ್ ಕೇಳಿದರೆ ಅದು ವಿಷುವಲ್ ಬೇಸಿಕ್ 6ರ ಕಾಲದ ಸಾಫ್ಟ್‌ವೇರ್. 1998ರದು. ಆ ಸಾಫ್ಟ್‌ವೇರಿನ ಮೂಲ ಸಿಡಿ ಹುಡುಕಿ ಅದರ ಸೆಟಪ್ಪನ್ನೇ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಅದೇ ಆ ಫೈಲನ್ನು ತಂದು ರಿಜಿಸ್ಟರ್ ಮಾಡುತ್ತದೆ. ಹಳೆಯ ಕಂಪ್ಯೂಟರಿನಿಂದ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಂಡು ಬಂದಿದ್ದರೆ ಓಸಿಎಕ್ಸ್ ಹಿಂದೆಯೇ ಉಳಿದುಹೋಗಿರುತ್ತದೆ. ರೆಗ್‌ಎಸ್‌ವಿಆರ್32 ನಿಜವಾಗಿ ಬೇಕಾಗುವುದು ಇಂಥ ಫೈಲಿಗೆ. 64 ಬಿಟ್ ವಿಂಡೋಸ್ ಆದರೆ ಫೈಲನ್ನು ಸಿಸ್‌ವಾವ್64ಗೆ ಹಾಕಿ, ಆ ಫೋಲ್ಡರಿನಲ್ಲೇ ಇರುವ ರೆಗ್‌ಎಸ್‌ವಿಆರ್32ರಿಂದ ರಿಜಿಸ್ಟರ್ ಮಾಡಬೇಕು.

ವಿಂಡೋಸ್ 7ರಲ್ಲಿ ‘ಎಪಿಐ ಎಂಎಸ್ ವಿನ್ ಸಿಆರ್‌ಟಿ’ ಅಂತ ಶುರುವಾಗುವ ಉದ್ದ ಹೆಸರಿನ ಫೈಲ್ ಕೇಳಿದರೆ, ಯೂನಿವರ್ಸಲ್ ಸಿ ರನ್‌ಟೈಮ್ ಇಲ್ಲ ಅಂತ ಅರ್ಥ. ವಿಂಡೋಸ್ 10ರಿಂದ ಅದು ಒಳಗೇ ಬರುತ್ತದೆ. 7ಕ್ಕೆ ಸರ್ವಿಸ್ ಪ್ಯಾಕ್ 1 ಇದ್ದು, ಕೆಬಿ2999226 ಅನ್ನುವ ಅಪ್‌ಡೇಟ್ ಹಾಕಬೇಕು. ಆದರೆ ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ವಿಂಡೋಸ್ 10ರದೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್ ಆದರೆ ವಿಂಡೋಸ್ 7 ಬಿಟ್ಟುಬಿಡಿ ಅಂತಲೇ ನಾನು ಹೇಳುವುದು.

ಪ್ಯಾಕೇಜೇ ಇನ್‌ಸ್ಟಾಲ್ ಆಗದಿದ್ದರೆ

0ಎಕ್ಸ್80070666 ಅಂತ ಬಂದರೆ ಹೆದರಬೇಡಿ. ಅದೇ ಪ್ಯಾಕೇಜಿನ ಇನ್ನೂ ಹೊಸ ಆವೃತ್ತಿ ಆಗಲೇ ಇದೆ ಅಂತ ಅರ್ಥ. ಇರುವುದನ್ನು ರಿಪೇರ್ ಮಾಡಿದರೆ ಸಾಕು. ಬೇರೆ ಎರರ್ ಬಂದರೆ ಬಾಕಿ ಇರುವ ವಿಂಡೋಸ್ ಅಪ್‌ಡೇಟ್ ಮುಗಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಹಳೆಯ ಪ್ಯಾಕೇಜ್ ತೆಗೆಯಲೂ ಆಗದೆ, ಹೊಸದು ಹಾಕಲೂ ಆಗದೆ ನಿಂತರೆ ಮೈಕ್ರೋಸಾಫ್ಟ್‌ನ ‘ಪ್ರೋಗ್ರಾಂ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್’ ಬಳಸಿ.

ಫೈಲ್ ಕಾಣೆಯಾಗದೆಯೂ ಬರುವ ರನ್‌ಟೈಮ್ ಎರರ್

‘ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಲೈಬ್ರರಿ’ ಅನ್ನುವ ತಲೆಬರಹದ ಪೆಟ್ಟಿಗೆ ಬಂದು, ಸಾಫ್ಟ್‌ವೇರ್ ಅಸಹಜವಾಗಿ ನಿಲ್ಲಲು ಕೇಳಿದೆ ಅಂತ ಹೇಳಿದರೆ, ಲೈಬ್ರರಿ ಇಲ್ಲ ಅಂತ ಅಲ್ಲ. ಲೈಬ್ರರಿ ಇದೆ, ಅದರ ಮೂಲಕವೇ ಸಾಫ್ಟ್‌ವೇರ್ ತಾನು ಬಿದ್ದೆ ಅಂತ ಹೇಳುತ್ತಿದೆ. ಇವೆಂಟ್ ವ್ಯೂವರ್‌ನಲ್ಲಿ ‘ಅಪ್ಲಿಕೇಶನ್ ಎರರ್’ ಸಾಲು ತೆರೆದು ‘ಫಾಲ್ಟಿಂಗ್ ಮಾಡ್ಯೂಲ್ ಪಾತ್’ ನೋಡಿ. ಯಾವ ಫೋಲ್ಡರಿನ ಯಾವ ಫೈಲಿನಲ್ಲಿ ನಿಂತಿತು ಅಂತ ಪೂರ್ತಿ ದಾರಿ ಬರೆದಿರುತ್ತದೆ. ಗ್ರಾಫಿಕ್ಸ್ ಡ್ರೈವರಿನ ಹೆಸರಿದ್ದರೆ ಡ್ರೈವರ್ ಅಪ್‌ಡೇಟ್ ಮಾಡಿ. ಸಾಫ್ಟ್‌ವೇರ್ ಫೋಲ್ಡರಿನಲ್ಲಿರುವ ಹಳೆಯ ಎಂಎಸ್‌ವಿಸಿಪಿ140 ಇದ್ದರೆ ಹಂತ 4ಕ್ಕೆ ಹಿಂದಿರುಗಿ. ಸಾಫ್ಟ್‌ವೇರಿನದೇ ಫೈಲ್ ಇದ್ದರೆ ಅದನ್ನು ತೆಗೆದು ಹೊಸದಾಗಿ ಹಾಕಿ.

ಕೊನೆಯ ದಾರಿ

ಎಲ್ಲವೂ ಮುಗಿದ ಮೇಲೂ ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿ ಅನ್ನುವವರು ಬಹಳ ಜನ. ಅದಕ್ಕೂ ಮೊದಲು ಎರಡು ದಾರಿ ಇವೆ. ತೊಂದರೆ ಶುರುವಾದ ದಿನ ಗೊತ್ತಿದ್ದರೆ, ವಿಂಡೋಸನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್‌ನಲ್ಲಿ ಅದರ ಹಿಂದಿನ ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಫೈಲು, ಸಾಫ್ಟ್‌ವೇರ್ ಉಳಿಸಿಕೊಂಡೇ ವಿಂಡೋಸನ್ನು ಅದರ ಮೇಲೇ ಮತ್ತೆ ಹಾಕಬಹುದು. ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಅಂತ ಇದೆ. ಅದನ್ನು ಒತ್ತುವ ಮುಂಚೆ ಲೆಕ್ಕದ ಡೇಟಾ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ತೆಗೆದು ಪಕ್ಕಕ್ಕಿಡಿ.

ರಿಪೇರಿಯವರ ಹತ್ತಿರ ಹೋಗುವುದಾದರೆ ಇಷ್ಟು ತೆಗೆದುಕೊಂಡು ಹೋಗಿ: ಎರರ್‌ನ ಫೋಟೊ, ತೊಂದರೆ ಶುರುವಾಗುವ ಮುಂಚೆ ಕೊನೆಗೆ ಏನು ಹಾಕಿದಿರಿ ಅನ್ನುವ ನೆನಪು, ಸಾಫ್ಟ್‌ವೇರಿನ ಸೆಟಪ್ ಫೈಲ್ ಅಥವಾ ಸಿಡಿ, ಅದರ ಲೈಸೆನ್ಸ್ ನಂಬರ್. ನೆಟ್ಟಿನಿಂದ ಏನಾದರೂ ಫೈಲ್ ತಂದು ಹಾಕಿದ್ದರೆ ಯಾವ ಫೋಲ್ಡರಿಗೆ ಹಾಕಿದಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮಂಡಿಯ ಹುಡುಗ ಎರಡನೇ ಜಾಗ ಮರೆತಿದ್ದ. ಅದನ್ನು ಹುಡುಕಲೇ ನನಗೆ ಒಂದೂವರೆ ಗಂಟೆ ಹಿಡಿಯಿತು.